ಸದ್ದಿಲ್ಲದ ಬಸ್ಸು

"ಮೇಸ್ತ್ರಿ, ಹಳೆಯ ಎಂಜಿನ್ನಿಗೆ ಹೊಸ ಸಾಮಾನು ಹಾಕುವಾಗ ಎಲ್ಲಿಗೆ ಕೈ ನಿಲ್ಲಿಸಬೇಕು?"

ಕೇಳಿದವನು ನನ್ನ ಶಿಷ್ಯ ಓಬಳೇಶ. ಅವನ ಮುಂದೆ ದನದ ಡಾಕ್ಟರ ಹಳೆಯ ಜೀಪು ಬಾಯಿ ತೆರೆದು ನಿಂತಿತ್ತು. ಅದಕ್ಕೆ ಅವನ ಅಪ್ಪನ ವಯಸ್ಸು. ಆ ಹಳೆಯ ಎಂಜಿನ್ನಿಗೆಂದೇ ಕಂಪನಿಯವರು ಈಗ ಸುಧಾರಿಸಿದ ಸಾಮಾನು ಮಾಡಿ ಕಳಿಸುತ್ತಾರೆ. ಓಬಳೇಶ ಪಿಸ್ಟನ್ ಬದಲಿಸಿದ್ದ, ರಿಂಗು ಬದಲಿಸಿದ್ದ, ಎಣ್ಣೆಯ ಪಂಪನ್ನೂ ಬದಲಿಸಿದ್ದ. ಜೀಪು ಏರು ಹತ್ತುತ್ತಿತ್ತು. ಹೊಗೆ ನಿಂತಿತ್ತು. ಡಾಕ್ಟರು ಕೇಳಿದ್ದೂ ಅಷ್ಟನ್ನೇ. ಆದರೆ ಒಳಗೆ ಎಲ್ಲೋ ಒಂದು ಕಟಕಟ ಉಳಿದಿತ್ತು. ಅದನ್ನೂ ತೆಗೆದೇ ತೀರುತ್ತೇನೆ ಎಂದು ಅವನು ಹಟ ಹಿಡಿದಿದ್ದ. ಡಾಕ್ಟರು ಮಧ್ಯಾಹ್ನಕ್ಕೆ ಬರುವವರಿದ್ದರು. ಮತ್ತೆ ಬಿಚ್ಚಿದರೆ ಇವತ್ತಿಗೆ ಮುಚ್ಚುವಂತಿಲ್ಲ.

"ಸ್ಪ್ಯಾನರ್ ಕೆಳಗಿಡು. ಒಂದು ಕತೆ ಕೇಳು," ಎಂದೆ.

"ಕತೆ ಬೇಡ ಮೇಸ್ತ್ರಿ, ಉತ್ತರ ಹೇಳಿ. ಡಾಕ್ಟರು ಬಂದುಬಿಡುತ್ತಾರೆ."

"ಉತ್ತರ ಬೇಕಿದ್ದರೆ ಓದಿದವರ ಹತ್ತಿರ ಹೋಗು. ನಾನು ಶಾಲೆಯ ಬಾಗಿಲು ಕಂಡದ್ದು ಅಲ್ಲಿಯ ಪಂಪು ರಿಪೇರಿಗೆ ಹೋದಾಗ ಮಾತ್ರ. ನನ್ನ ಹತ್ತಿರ ಇರುವುದು ಕತೆಯೇ."

ಅವನು ಎಣ್ಣೆ ಡಬ್ಬದ ಮೇಲೆ ಕೂತ. ಸ್ಪ್ಯಾನರ್ ಮಾತ್ರ ಕೈಯಲ್ಲೇ ಇತ್ತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎಂಜಿನ್ ಓಡುತ್ತಿರುವಾಗಲೇ ಅದರ ಪಿಸ್ಟನ್ ಬದಲಿಸಿದವನು ಈ ಸೀಮೆಯಲ್ಲಿ ನಾನೊಬ್ಬನೇ. ಅದನ್ನು ಕಣ್ಣಾರೆ ಕಂಡವರು ಇಬ್ಬರು. ಒಬ್ಬರು ತೀರಿಕೊಂಡರು. ಇನ್ನೊಬ್ಬರಿಗೆ ಈಗ ಮರೆವು, ತಮ್ಮ ಹೆಸರನ್ನೇ ನನ್ನನ್ನು ಕೇಳುತ್ತಾರೆ. ಆದ್ದರಿಂದ ಆ ಮಾತು ಇರಲಿ. ನಾನು ಹೇಳುವುದು ಅದಕ್ಕಿಂತ ಸಣ್ಣ ಕೆಲಸದ ಕತೆ.

ಒಂದು ಗುಡ್ಡ. ಗುಡ್ಡದ ಈಚೆಗೆ ಪೇಟೆ, ಆಚೆಗೆ ಸಂತೆ, ನೆತ್ತಿಯ ಮೇಲೆ ಒಂದು ಹಳ್ಳಿ. ಪೇಟೆಯಲ್ಲಿ ಒಬ್ಬ ಬಸ್ಸಿನ ಧಣಿ ಇದ್ದ. ಧಣಿ ಎಂದರೆ ದೊಡ್ಡ ಮಾತು. ಅವನಿಗೆ ಇದ್ದದ್ದು ಒಂದೇ ಬಸ್ಸು, ಒಂದೇ ದಾರಿ. ಮೂತಿ ಉದ್ದದ ಹಳೆಯ ಬಸ್ಸು. ನಾಲ್ಕು ಪಿಸ್ಟನ್ನಿನ ಎಂಜಿನ್. ಬೆಳಿಗ್ಗೆ ಪೇಟೆಯಿಂದ ಹೊರಟು, ಗುಡ್ಡ ಹತ್ತಿ, ಹಳ್ಳಿಯ ಜನರನ್ನು ತುಂಬಿಕೊಂಡು ಸಂತೆಗೆ ಇಳಿಯುತ್ತಿತ್ತು. ಧಣಿಯ ಮನೆಯ ಒಲೆ ಉರಿಯುತ್ತಿದ್ದುದು ಆ ಹಳ್ಳಿಯ ಜನರಿಂದ.

ಬಸ್ಸು ಮುದಿಯಾಗಿತ್ತು. ಏರಿನಲ್ಲಿ ನಿಂತುಬಿಡುತ್ತಿತ್ತು. ಜನ ಇಳಿದು ನೂಕುತ್ತಿದ್ದರು. ನೂಕುವವರಿಗೂ ಟಿಕೆಟ್ ಇತ್ತು.

ಅದೇ ಪೇಟೆಯಲ್ಲಿ ಒಬ್ಬ ಅಕ್ಕಿಮಿಲ್ಲಿನ ವ್ಯಾಪಾರಿ ಇದ್ದ. ಆ ದಾರಿಯ ಪರ್ಮಿಟ್ಟಿನ ಮೇಲೆ ಅವನ ಕಣ್ಣಿತ್ತು. ಈ ಬಸ್ಸಿನಿಂದ ಜನರಿಗೆ ತೊಂದರೆ, ದಾರಿಯನ್ನು ನನಗೆ ಕೊಡಿ ಎಂದು ಮೇಲಿನವರಿಗೆ ದೂರು ಹೇಳಿದ. ಸುಗ್ಗಿ ಕಳೆದ ಮೇಲೆ ತಾವೇ ಬಸ್ಸಿನಲ್ಲಿ ಕೂತು ನೋಡುವುದಾಗಿ ಸಾರಿಗೆಯ ಸಾಹೇಬರು ಹೇಳಿ ಕಳಿಸಿದರು. ಬಸ್ಸು ಗುಡ್ಡ ಹತ್ತಬೇಕು. ಬಸ್ಸಿನ ತುಂಬ ಜನ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಪರ್ಮಿಟ್ ವ್ಯಾಪಾರಿಗೆ.

ಧಣಿ ಒಬ್ಬ ಮೆಕ್ಯಾನಿಕ್ಕನ ಹತ್ತಿರ ಬಂದ. ಯಾವ ಮೆಕ್ಯಾನಿಕ್ ಎಂದು ಕೇಳಬೇಡ. ಆಗ ಸೀಮೆಗೆಲ್ಲ ಇದ್ದದ್ದು ಒಬ್ಬನೇ.

"ನಾನೇ ಅಂತ ಹೇಳಿಬಿಡಿ ಮೇಸ್ತ್ರಿ," ಎಂದ ಓಬಳೇಶ.

"ನಾನು ಹಾಗೆ ಹೇಳಿದೆನೇ? ಒಬ್ಬನೇ ಇದ್ದ ಎಂದೆ. ಕೇಳು."

"ಬಸ್ಸು ಏರು ಹತ್ತಿದರೆ ಸಾಕು," ಎಂದ ಧಣಿ. ಮೆಕ್ಯಾನಿಕ್ ಎಂಜಿನ್ ಇಳಿಸಿದ. ಕಂಪನಿ ಆ ಎಂಜಿನ್ನಿಗೆ ಸುಧಾರಿಸಿದ ಸಾಮಾನನ್ನು ಆಗಷ್ಟೇ ತಂದಿತ್ತು. ಹಳೆಯ ಪಿಸ್ಟನ್ ತೆಗೆದ, ಹೊಸದು ಹಾಕಿದ. ವಾಲ್ವು ಹೊಸದು, ಬೇರಿಂಗು ಹೊಸದು, ಎಣ್ಣೆಯ ಪಂಪು ಮೊದಲಿನದಕ್ಕಿಂತ ದೊಡ್ಡದು. ಬಸ್ಸು ಏರನ್ನು ಎತ್ತಿನ ಹಾಗಲ್ಲ, ಮೇಕೆಯ ಹಾಗೆ ಹತ್ತಿತು.

ಅಲ್ಲಿಗೆ ಧಣಿ ಹೇಳಿದ ಕೆಲಸ ಮುಗಿಯಿತು. ಮೆಕ್ಯಾನಿಕ್ಕನಿಗೆ ಮುಗಿಯಲಿಲ್ಲ. ಎಂಜಿನ್ನಿನೊಳಗೆ ಒಂದು ಕಟಕಟ ಉಳಿದಿತ್ತು. ನಾನು ಕಟ್ಟಿದ ಎಂಜಿನ್ ಬಾಯಿ ಬಿಡಬಾರದು ಎಂದು ಅವನು ಅದನ್ನೂ ಹಿಡಿದು ತೆಗೆದ. ಸಾಲದ್ದಕ್ಕೆ ಹೊಗೆ ಕೊಳವೆಗೆ ಹೊಸ ಸೈಲೆನ್ಸರ್ ಹಾಕಿದ.

ಆ ಮೇಲೆ ಆ ಬಸ್ಸು ಎಷ್ಟು ಸದ್ದಿಲ್ಲದೆ ಓಡಿತೆಂದರೆ, ಡ್ರೈವರ್ ಎಂಜಿನ್ ನಿಂತಿದೆ ಎಂದು ತಿಳಿದು, ಓಡುತ್ತಿರುವ ಎಂಜಿನ್ನಿಗೇ ಹ್ಯಾಂಡಲ್ ಹಾಕಿ ತಿರುವಿದ. ಬಾನೆಟ್ಟಿನ ಮೇಲೆ ಹೆಪ್ಪು ಹಾಕಿದ ಹಾಲು ಇಟ್ಟರೆ ಗುಡ್ಡದ ಮೇಲೆ ಹೋಗುವಷ್ಟರಲ್ಲಿ ಗಟ್ಟಿ ಮೊಸರು, ಕೆನೆಯ ಮೇಲೆ ಒಂದು ಬಿರುಕಿಲ್ಲ. ಒಂದು ಗುಬ್ಬಿ ರೇಡಿಯೇಟರಿನ ಮುಚ್ಚಳದ ಮೇಲೆ ಗೂಡು ಕಟ್ಟಿತು. ಪೇಟೆಯಲ್ಲಿ ಮೊಟ್ಟೆ ಇಟ್ಟಿತು, ಸಂತೆಯಲ್ಲಿ ಮರಿ ಮಾಡಿತು. ಬಸ್ಸಿಗಿಂತ ಬಸ್ಸಿನ ನೆರಳು ಹೆಚ್ಚು ಸದ್ದು ಮಾಡುತ್ತಿತ್ತು.

"ಆ ಮುಚ್ಚಳದ ಬಿಸಿಗೆ ಮೊಟ್ಟೆ ಬೇಯಲಿಲ್ಲವೇ ಮೇಸ್ತ್ರಿ?"

"ಎಣ್ಣೆಯ ಪಂಪು ದೊಡ್ಡದು ಎಂದೆನಲ್ಲ. ಎಂಜಿನ್ ಬಿಸಿಯಾಗುತ್ತಲೇ ಇರಲಿಲ್ಲ."

ಓಬಳೇಶ ತಲೆ ಕೆರೆದುಕೊಂಡ. ನಾನು ಮುಂದುವರಿಸಿದೆ.

ಮೊದಲ ದಿನ ಬಸ್ಸು ಗುಡ್ಡ ಹತ್ತಿತು. ಹಳ್ಳಿಯ ಹುಣಸೆ ಮರದ ಕೆಳಗೆ ನಿಂತಿತು. ಒಬ್ಬನೂ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ವಾರವಿಡೀ ಬಸ್ಸು ಗಾಳಿಯನ್ನು ತುಂಬಿಕೊಂಡು ಸಂತೆಗೆ ಹೋಯಿತು.

ಕಾರಣ ಹೇಳುತ್ತೇನೆ. ಹಳ್ಳಿಯ ಮನೆಗಳು ರಸ್ತೆಯಿಂದ ಕೆಳಗೆ, ಹೊಲಗಳ ಆಚೆ ಇದ್ದವು. ಮನೆಯ ಬಾಗಿಲಿಗೆ ರಸ್ತೆ ಕಾಣುತ್ತಿರಲಿಲ್ಲ. ಬಸ್ಸನ್ನು ಜನ ಕಿವಿಯಿಂದ ಕಾಣುತ್ತಿದ್ದರು. ಬಸ್ಸು ಗುಡ್ಡದ ಬುಡದಲ್ಲಿ ನರಳಿತೆಂದರೆ ಹೆಂಗಸರು ಒಲೆಯ ಮೇಲೆ ಎಸರಿಡುತ್ತಿದ್ದರು. ನಡುಗುಡ್ಡದಲ್ಲಿ ಕೆಮ್ಮಿತೆಂದರೆ ರಾಗಿ ಹಿಟ್ಟು ಹಾಕುತ್ತಿದ್ದರು. ಮೇಲಿನ ತಿರುವಿನಲ್ಲಿ ಕಟಕಟ ಎಂದಿತೆಂದರೆ ಮುದ್ದೆ ತಿರುವಿ ಕಟ್ಟುತ್ತಿದ್ದರು. ಗಂಡಸರು ಉಂಡು, ಕೈ ತೊಳೆದು, ರುಮಾಲು ಸುತ್ತುತ್ತ ಹುಣಸೆ ಮರಕ್ಕೆ ಬರುವುದಕ್ಕೂ ಬಸ್ಸು ಬಂದು ನಿಲ್ಲುವುದಕ್ಕೂ ಸರಿಹೋಗುತ್ತಿತ್ತು. ಅಷ್ಟು ನಿಧಾನ ಆ ಬಸ್ಸು. ಯಾರೂ ಅದಕ್ಕೆ ಕಾದವರಲ್ಲ. ಅದೂ ಯಾರಿಗೂ ಕಾದದ್ದಲ್ಲ.

ಈಗ ಬಸ್ಸು ನರಳಲಿಲ್ಲ, ಕೆಮ್ಮಲಿಲ್ಲ. ಆ ವಾರ ಇಡೀ ಹಳ್ಳಿಯ ಮುದ್ದೆ ಗಂಟಾಯಿತು.

"ಇದೇನೇ ಇದು, ಮುದ್ದೆಯೋ ಗೋಲಿಯ ಚೀಲವೋ?" ಎಂದಳು ಒಬ್ಬ ಅತ್ತೆ.

"ಬಸ್ಸು ಕೆಮ್ಮಲಿಲ್ಲ ಅತ್ತೆ. ನಾನು ಹಿಟ್ಟು ಯಾವಾಗ ಹಾಕಲಿ?" ಎಂದಳು ಸೊಸೆ.

ಅತ್ತೆಗೂ ಬೇರೆ ಲೆಕ್ಕ ಗೊತ್ತಿರಲಿಲ್ಲ. ಸುಮ್ಮನೆ ನುಂಗಿದಳು.

ಸದ್ದು ಕೇಳದ ಜನ ಒಂದು ತೀರ್ಮಾನಕ್ಕೆ ಬಂದರು. ಬಸ್ಸು ಸತ್ತಿದೆ. ಅವರು ಕಾಲುದಾರಿಯಲ್ಲಿ ಇಳಿದು ನಡೆದೇ ಸಂತೆಗೆ ಹೋದರು. ಅಲ್ಲಿ ಧಣಿ ಬಸ್ಸಿಗೆ ಒರಗಿಕೊಂಡು ನಿಂತಿದ್ದ. ಹಳ್ಳಿಯ ಗೌಡ ಅವನ ಹತ್ತಿರ ಬಂದು ರುಮಾಲು ತೆಗೆದ.

"ಕೇಳಿ ಬಹಳ ಬೇಜಾರಾಯಿತು ಧಣಿ. ಒಳ್ಳೆಯ ಬಸ್ಸು. ನಮ್ಮನ್ನೆಲ್ಲ ಸಾಕಿತ್ತು."

"ಯಾವ ಬಸ್ಸು ಗೌಡ್ರೇ?"

"ನಿಮ್ಮದೇ. ಹೋಯಿತಂತಲ್ಲ."

"ಎಲ್ಲಿಗೆ ಹೋಯಿತು? ಇಲ್ಲೇ ನನ್ನ ಬೆನ್ನ ಹಿಂದೆ ನಿಂತಿದೆಯಲ್ಲ! ಎಂಜಿನ್ ಕೂಡ ಓಡುತ್ತಿದೆ."

ಗೌಡ ಬಾನೆಟ್ಟಿಗೆ ಕಿವಿಯಿಟ್ಟ. ಬಹಳ ಹೊತ್ತು ಇಟ್ಟ. ಆಮೇಲೆ ಧಣಿಯ ಹೆಗಲ ಮೇಲೆ ಕೈಯಿಟ್ಟು, "ದುಃಖದಲ್ಲಿ ಹೀಗೆ ಅನ್ನಿಸುತ್ತದೆ ಧಣಿ. ನಮ್ಮ ಎತ್ತು ಹೋದಾಗ ನನಗೂ ಹೀಗೇ ಆಗಿತ್ತು," ಎಂದ.

ಧಣಿ ಬಾಯಿ ಬಾಯಿ ಬಡಿದುಕೊಂಡು ಎಲ್ಲವನ್ನೂ ತಿಳಿಸಿದ. ಬಸ್ಸನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ ತೋರಿಸಿದ. ನಾಳೆಯಿಂದ ಮರದ ಕೆಳಗೆ ಬಂದು ಕಾದು ನಿಲ್ಲಿ ಎಂದ.

"ಕೆಲಸ ಬಿಟ್ಟು ರಸ್ತೆಗೆ ಕಣ್ಣಿಟ್ಟು ಕೂರಲು ನಾವೇನು ಚೆಕ್‌ಪೋಸ್ಟಿನ ಪೊಲೀಸರೇ?" ಎಂದ ಗೌಡ. ಅದೂ ನಿಜವೇ.

ಧಣಿ ಹುಣಸೆ ಮರಕ್ಕೆ ಒಂದು ಹಲಗೆ ಹೊಡೆಸಿದ. ಬಸ್ಸು ಬರುವ ಹೊತ್ತನ್ನು ಅದರ ಮೇಲೆ ಬರೆಸಿದ. ಜನ ಅದನ್ನು ಓದಿಸಿಕೊಂಡರು. ಹಳ್ಳಿಯಲ್ಲಿ ಗಡಿಯಾರ ಇದ್ದದ್ದು ಶಾಲೆಯ ಮೇಷ್ಟ್ರ ಹತ್ತಿರ. ಅವರ ಬಳಿ ಹೋಗಿ, ಈಗ ಹೊತ್ತೆಷ್ಟು ಎಂದು ಕೇಳಿದರು. "ಬಸ್ಸಿನ ಸದ್ದು ಬರಲಿ, ಗಡಿಯಾರ ಸರಿ ಮಾಡಿಕೊಂಡು ಹೇಳುತ್ತೇನೆ," ಎಂದರು ಮೇಷ್ಟ್ರು.

ಧಣಿ ದೊಡ್ಡ ಹಾರನ್ ಹಾಕಿಸಿದ. ಆ ಗುಡ್ಡದಲ್ಲಿ ಹಾರನ್ ಎಂದರೆ ದಾರಿ ಬಿಡಿ ಎಂದರ್ಥ. ಹಾರನ್ ಕೇಳಿದ್ದೇ ತಡ, ಮರದ ಹತ್ತಿರ ಇದ್ದವರೂ ಮಕ್ಕಳನ್ನು ಎಳೆದುಕೊಂಡು ಹೊಲಕ್ಕೆ ಓಡಿದರು.

ಹಾರನ್ ತೆಗೆಸಿ ಗಂಟೆ ಕಟ್ಟಿಸಿದ. ಊರಿನ ಮಕ್ಕಳೆಲ್ಲ ಐಸ್‌ಕ್ಯಾಂಡಿಯವನು ಬಂದ ಎಂದು ಲೋಟ ಹಿಡಿದು ಬಂದರು. ಹತ್ತಲು ಒಬ್ಬರೂ ಬರಲಿಲ್ಲ. ಐಸ್‌ಕ್ಯಾಂಡಿ ಇಲ್ಲ ಎಂದಾಗ ಬಸ್ಸಿಗೆ ಕಲ್ಲು ಬಿತ್ತು.

ಅಷ್ಟರಲ್ಲಿ ಸುಗ್ಗಿ ಮುಗಿಯಿತು. ಸಾಹೇಬರು ಮಾರನೆಯ ಬೆಳಿಗ್ಗೆ ಬರುವುದಾಗಿ ಹೇಳಿ ಕಳಿಸಿದರು. ಧಣಿ ಬಸ್ಸಿನ ಸಮೇತ ಮೆಕ್ಯಾನಿಕ್ಕನ ಶೆಡ್ಡಿಗೆ ಬಂದ. ಬಂದವನೇ ನೆಲದ ಮೇಲೆ ಕೂತ.

"ಮೇಸ್ತ್ರಿ, ನನ್ನ ಸದ್ದು ವಾಪಸ್ಸು ಕೊಡು."

"ಏನು ಕೊಡಲಿ?"

"ಸದ್ದು. ನನ್ನ ಬಸ್ಸಿನೊಳಗೆ ಇತ್ತಲ್ಲ, ಕಟಕಟ. ಅದನ್ನು ತೆಗೆ ಎಂದು ನಾನು ಹೇಳಿದ್ದೆನೇ? ಏರು ಹತ್ತಿಸು ಎಂದಿದ್ದೆ."

ಮೆಕ್ಯಾನಿಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಧಣಿ, ದೊಡ್ಡ ಊರುಗಳ ಮೇಸ್ತ್ರಿಗಳು ಬಂದು ಈ ಎಂಜಿನ್ ನೋಡಿ ಕೈ ಮುಗಿದು ಹೋಗಿದ್ದಾರೆ. ನಾನು ಕಟ್ಟಿದ ಎಂಜಿನ್ನಿನಲ್ಲಿ ನಾನೇ ಸದ್ದು ಇಡಲೇ? ನಾಳೆ ಅದು ಕಟಕಟ ಎಂದರೆ ಜನ ಯಾರ ಮುಖಕ್ಕೆ ಉಗಿಯುತ್ತಾರೆ? ನಿನ್ನದಕ್ಕಲ್ಲ, ನನ್ನದಕ್ಕೆ."

ಧಣಿ ಟವಲಿನಿಂದ ಮುಖ ಒರೆಸಿಕೊಂಡ. "ಹಾಗಾದರೆ ಒಂದು ಮಾತು ಕೇಳು. ನಾಳೆ ಸಾಹೇಬರು ಖಾಲಿ ಬಸ್ಸು ನೋಡುತ್ತಾರೆ. ಪರ್ಮಿಟ್ ಹೋಗುತ್ತದೆ. ಪರ್ಮಿಟ್ ಹೋದ ಮೇಲೆ ಬಸ್ಸು ಇಟ್ಟುಕೊಂಡು ನಾನೇನು ಮಾಡಲಿ? ಎಂಜಿನ್ ಬಿಚ್ಚಿ ಆ ವ್ಯಾಪಾರಿಗೇ ಕೊಡುತ್ತೇನೆ. ನೀನು ಕಟ್ಟಿದ ಎಂಜಿನ್ ಅವನ ಮಿಲ್ಲಿನ ಮೂಲೆಯಲ್ಲಿ ಕೂತು ಭತ್ತ ಬಿಡಿಸಲಿ. ತೌಡಿನ ಮಧ್ಯೆ ಸದ್ದಿಲ್ಲದೆ ಚೆನ್ನಾಗಿರುತ್ತದೆ."

ಮೆಕ್ಯಾನಿಕ್ ಸ್ಪ್ಯಾನರ್ ಕೈಗೆತ್ತಿಕೊಂಡ. ಆಮೇಲೆ ಎದ್ದು ಬಾನೆಟ್ ಎತ್ತಿದ. ಹೊಸ ಸಾಮಾನು ಒಂದನ್ನೂ ಬಿಚ್ಚಲಿಲ್ಲ. ವಾಲ್ವನ್ನು ಒತ್ತುವ ಟ್ಯಾಪೆಟ್ಟುಗಳಿರುತ್ತವಲ್ಲ, ಅವುಗಳಲ್ಲಿ ಒಂದಕ್ಕೆ ಮಾತ್ರ ಕೈ ಹಾಕಿದ. ಕಟ್ಟಕಡೆಯದು, ಆರನೆಯ ಪಿಸ್ಟನ್ನಿನದು. ಅದನ್ನು ಒಂದು ಕೂದಲೆಳೆಯಷ್ಟು ಸಡಿಲ ಬಿಟ್ಟ. ಎಂಜಿನ್ ಶುರು ಮಾಡಿದ. ಕಟಕಟ ಎಂದಿತು. ಧಣಿ ಆ ಸದ್ದು ಕೇಳಿ, ತವರಿಗೆ ಬಂದ ಮಗಳನ್ನು ಕಂಡವನ ಹಾಗೆ ಅತ್ತ. ಮೆಕ್ಯಾನಿಕ್ಕನೂ ಅತ್ತ. ಅವನು ಅತ್ತದ್ದು ಬೇರೆ ಕಾರಣಕ್ಕೆ.

ಬೆಳಿಗ್ಗೆ ಸಾಹೇಬರು ಬಂದು ಮುಂದಿನ ಸೀಟಿನಲ್ಲಿ ಕೂತರು. ಪಕ್ಕದಲ್ಲಿ ಧಣಿ, ಧಣಿಯ ಪಕ್ಕದಲ್ಲಿ ಮೆಕ್ಯಾನಿಕ್. ಹಿಂದಿನ ಸೀಟುಗಳೆಲ್ಲ ಖಾಲಿ. ಬಸ್ಸು ಗುಡ್ಡದ ಬುಡಕ್ಕೆ ಬಂತು. ಕಟಕಟ.

"ಏನ್ರೀ ಇದು ಸದ್ದು?" ಎಂದರು ಸಾಹೇಬರು.

"ಎಂಜಿನ್ನು ಸ್ವಾಮಿ. ಹೊಸದಾಗಿ ಕಟ್ಟಿಸಿದ್ದೇನೆ."

"ಹೊಸದೇ? ಕಟ್ಟಿದವನು ಯಾರು, ಕಿವುಡನೇ?"

ಮೆಕ್ಯಾನಿಕ್ ಬಾಯಿ ತೆರೆದ. ಧಣಿ ಅವನ ಕಾಲನ್ನು ಮೆಟ್ಟಿದ. ಮೆಕ್ಯಾನಿಕ್ ಬಾಯಿ ಮುಚ್ಚಿದ.

ಬಸ್ಸು ಒಂದು ಕಡೆಯೂ ನಿಲ್ಲದೆ ಗುಡ್ಡ ಹತ್ತಿತು. ಹುಣಸೆ ಮರದ ಕೆಳಗೆ ನಿಂತಿತು. ಮರದ ಕೆಳಗೆ ಒಂದು ನಾಯಿ ಮಲಗಿತ್ತು. ಬೇರೆ ಯಾರೂ ಇರಲಿಲ್ಲ.

ಸಾಹೇಬರು ಹಿಂದೆ ತಿರುಗಿ ಖಾಲಿ ಸೀಟುಗಳನ್ನು ನೋಡಿದರು. ಧಣಿಯ ಮುಖ ನೋಡಿದರು. ಧಣಿ ಮೆಕ್ಯಾನಿಕ್ಕನ ಮುಖ ನೋಡಿದ. ಮೆಕ್ಯಾನಿಕ್ ನಾಯಿಯ ಮುಖ ನೋಡಿದ.

ಆಗ ಹೊಲದ ಕಡೆಯಿಂದ ಗದ್ದಲ ಕೇಳಿಸಿತು. ಸದ್ದು ಹಳೆಯದು, ಓಟ ಹೊಸದು. ಕಟಕಟ ಕೇಳಿ ಊರೆಲ್ಲ ಎಸರಿಟ್ಟಿತ್ತು. ಎಸರು ಕುದಿಯುವಷ್ಟರಲ್ಲಿ ಬಸ್ಸು ಬಂದು ನಿಂತಿತ್ತು. ಇಡೀ ಹಳ್ಳಿ ಎದ್ದು ಓಡಿ ಬರುತ್ತಿತ್ತು. ಒಬ್ಬನ ರುಮಾಲು ಅರ್ಧ ತಲೆಯ ಮೇಲೆ, ಅರ್ಧ ನೆಲದ ಮೇಲೆ. ಒಬ್ಬಳ ಕೈಯಲ್ಲಿ ಹಿಟ್ಟಿನ ಕೋಲು. ಗೌಡ ಎಲ್ಲರಿಗಿಂತ ಮುಂದೆ ಓಡಿ ಬರುತ್ತ, "ಬದುಕಿದೆ! ಧಣಿ, ನಿಮ್ಮ ಬಸ್ಸು ಬದುಕಿದೆ!" ಎಂದು ಕೂಗುತ್ತಿದ್ದ.

ಬಸ್ಸು ತುಂಬಿತು. ಸೀಟು ಸಾಲಲಿಲ್ಲ. ಒಬ್ಬ ಮುದುಕಿ ಬಂದು ಸಾಹೇಬರ ಮುಂದೆ ನಿಂತು, "ಏಳಪ್ಪಾ ಮಗನೇ," ಎಂದಳು. ಸಾಹೇಬರು ಸಂತೆಯವರೆಗೂ ನಿಂತೇ ಹೋದರು. ಇಳಿಯುವಾಗ, "ಪರ್ಮಿಟ್ ಇವರಿಗೇ ಇರಲಿ. ಆದರೆ ಇನ್ನೊಂದು ಬಸ್ಸು ಬೇಕು," ಎಂದರು.

ಎಲ್ಲರಿಗೂ ಸಂತೋಷ. ಮೆಕ್ಯಾನಿಕ್ಕನಿಗೆ ಮಾತ್ರ ದಾರಿಯುದ್ದಕ್ಕೂ ಹಿಂದಿನ ಸೀಟಿನ ಮಾತು ಕೇಳಿಸುತ್ತಿತ್ತು.

"ಅಷ್ಟೆಲ್ಲ ಕಂಪನಿ ಸಾಮಾನು ತರಿಸಿ ಹಾಕಿದನಂತೆ ಆ ಮೇಸ್ತ್ರಿ."

"ಹಾಕಿ ಏನು ಬಂತು? ಈ ಕಟಕಟ ತೆಗೆಯಲು ಅವನ ಕೈಯಲ್ಲಿ ಆಗಲಿಲ್ಲ ನೋಡು."

"ಅವನ ಬಾಯಿಯದೂ ಹೀಗೇ ಕಟಕಟ ಅಂತೆ. ಅದರ ಅರ್ಧ ಕೈಯಲ್ಲಿ ಇಲ್ಲ."

ಬಸ್ಸೆಲ್ಲ ನಕ್ಕಿತು. ಆ ಸದ್ದನ್ನು ನಾನೇ ಇಟ್ಟದ್ದು ಎಂದು ಮೆಕ್ಯಾನಿಕ್ಕನ ಗಂಟಲಿನವರೆಗೆ ಬಂತು. ಹೇಳಿದರೆ ಯಾರು ನಂಬುತ್ತಾರೆ? ಸೀಮೆಯ ಗಂಡು ಅವನು, ಓಡುವ ಎಂಜಿನ್ನಿನ ಪಿಸ್ಟನ್ ಬದಲಿಸಿದವನು, ಗಂಟುಮುದ್ದೆ ನುಂಗಿದ ಹಾಗೆ ಆ ಮಾತನ್ನು ನುಂಗಿದ. ನುಂಗಿದ್ದು ಇನ್ನೂ ಇಲ್ಲೇ ಎದೆಯಲ್ಲಿ ಕೂತ ಹಾಗಿದೆ.

"ಯಾರ ಎದೆಯಲ್ಲಿ ಮೇಸ್ತ್ರಿ?" ಎಂದ ಓಬಳೇಶ.

"ಆ ಮೆಕ್ಯಾನಿಕ್ಕನ ಎದೆಯಲ್ಲಿ. ಇಲ್ಲಿಗೆ ಕತೆ ಆಯಿತು."

ಓಬಳೇಶ ಜೀಪಿನ ಕಡೆ ತಿರುಗಿದ. ಎಂಜಿನ್ ಶುರು ಮಾಡಿ ಕಿವಿಯಿಟ್ಟು ಕೇಳಿದ. ಕಟಕಟ ಎನ್ನುತ್ತಿತ್ತು. ಡಾಕ್ಟರ ಜೀಪಿನ ಸದ್ದು ದೂರದಲ್ಲಿ ಕೇಳಿದರೆ ಸಾಕು, ಹಟ್ಟಿಯ ಜನ ಮೇಯಲು ಹೊರಟ ದನಗಳನ್ನು ಹಿಡಿದು ಕಟ್ಟುತ್ತಾರೆ. ಓಬಳೇಶನ ಊರೂ ಅಂಥದೇ ಒಂದು ಹಟ್ಟಿ. ಅದನ್ನು ನಾನು ಅವನಿಗೆ ಹೇಳಬೇಕಾಗಿರಲಿಲ್ಲ. ಎಂಜಿನ್ ಆರಿಸಿದ. ಸ್ಪ್ಯಾನರನ್ನು ಒರೆಸಿ ಪೆಟ್ಟಿಗೆಗೆ ಹಾಕಿದ. ಬಾನೆಟ್ ಮುಚ್ಚಿದ.

ಮುಚ್ಚಿದವನು ಅದರ ಮೇಲೆ ಕೈ ಇಟ್ಟುಕೊಂಡೇ ನಿಂತ. ಮುಖದ ಮೇಲೆ ಮೆಲ್ಲಗೆ ಒಂದು ನಗು ಬಂತು. ಎದುರಾಳಿಯ ಕಾಲು ಕೈಗೆ ಸಿಕ್ಕ ಕುಸ್ತಿಯವನ ನಗು.

"ಮೇಸ್ತ್ರಿ, ಆ ಬಸ್ಸಿನದು ನಾಲ್ಕು ಪಿಸ್ಟನ್ನಿನ ಎಂಜಿನ್ ಎಂದಿರಿ."

"ಎಂದೆ."

"ಸಡಿಲ ಬಿಟ್ಟದ್ದು ಆರನೆಯ ಪಿಸ್ಟನ್ನಿನ ಟ್ಯಾಪೆಟ್ ಎಂದಿರಿ."

"ಅದನ್ನೂ ಎಂದೆ."

"ನಾಲ್ಕೇ ಇರುವ ಕಡೆ ಆರನೆಯದು ಎಲ್ಲಿಂದ ಬಂತು? ಮೊಟ್ಟೆ ಬಿಟ್ಟೆ, ಮೊಸರು ಬಿಟ್ಟೆ. ಇದನ್ನು ಬಿಡುವುದಿಲ್ಲ. ಆಗಿನಿಂದ ಅದೊಂದೇ ನನ್ನ ಕಿವಿಯಲ್ಲಿ ಬಡಿಯುತ್ತಿದೆ."

ನಾನು ಹೆಗಲು ಕುಣಿಸಿದೆ.

"ನಾನು ಸಡಿಲ ಬಿಟ್ಟದ್ದು ಅದೇ ಕಣೋ, ಅದು ಬಡಿಯದಿದ್ದರೆ ನೀನು ಈ ಕತೆಯನ್ನು ಕೇಳಿಸಿಕೊಳ್ಳುತ್ತಿದ್ದೆಯಾ?"